ಮಾರಾಟದ ನಾಲ್ಕು ಸಾಲು: ಸ್ವಸಹಾಯ ಗುಂಪುಗಳ ಉತ್ಪನ್ನಗಳಿಗೆ ಪ್ರಚಾರ ಬರಹ ಸಿದ್ಧಪಡಿಸುವ ಬಗೆ

ಸಂವಿಧಾನದ 73ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಆಹಾರ ಸಂಸ್ಕರಣೆಯನ್ನೊಳಗೊಂಡ ಸಣ್ಣ ಕೈಗಾರಿಕೆ, ಖಾದಿ ಮತ್ತು ಗ್ರಾಮೋದ್ಯೋಗ, ಮಾರುಕಟ್ಟೆ ಮತ್ತು ಜಾತ್ರೆ, ಮಹಿಳೆ ಹಾಗೂ ಮಕ್ಕಳ ಅಭಿವೃದ್ಧಿ ಇವು ಆ ಪಟ್ಟಿಯಲ್ಲಿ ಬೇರೆ ಬೇರೆ ಸಂಖ್ಯೆಗಳಡಿ ಬರುತ್ತವೆ. ಗ್ರಾಮದಲ್ಲಿ ಮಾತ್ರ ಈ ನಾಲ್ಕೂ ಒಂದೇ ಪೊಟ್ಟಣದಲ್ಲಿ ಸೇರಿಕೊಂಡಿರುತ್ತವೆ. ಸ್ವಸಹಾಯ ಗುಂಪಿನ ಮಹಿಳೆಯರು ತಯಾರಿಸಿದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿ, ಖಾರದಪುಡಿ, ಹಪ್ಪಳ ಇವೇ ಆ ಪೊಟ್ಟಣಗಳು.

ರಾಜ್ಯದಲ್ಲಿ ಸಂಜೀವಿನಿ ಯೋಜನೆಯಡಿ ಇಂತಹ ಗುಂಪುಗಳು ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟಗಳಾಗಿ ಸಂಘಟಿತವಾಗಿವೆ. ಸಾಲಕ್ಕೆ, ತರಬೇತಿಗೆ, ಯಂತ್ರೋಪಕರಣಕ್ಕೆ ನಿಗದಿತ ದಾರಿಗಳಿವೆ. ಪೊಟ್ಟಣದ ಮೇಲೆ, ಮೇಳದ ಫಲಕದ ಮೇಲೆ, ವಾಟ್ಸ್ಆ್ಯಪ್ ಸಂದೇಶದಲ್ಲಿ ಏನು ಬರೆಯಬೇಕೆಂಬುದನ್ನು ಮಾತ್ರ ಬಹುತೇಕ ತಾಲ್ಲೂಕು ಕೇಂದ್ರದ ಡಿ.ಟಿ.ಪಿ. ಅಂಗಡಿಯವರಿಗೆ ಬಿಡಲಾಗುತ್ತದೆ. ಅವರು ಹಿಂದೆ ಬೇರೆ ಯಾರಿಗೋ ಮಾಡಿಕೊಟ್ಟ ವಿನ್ಯಾಸವನ್ನು ತೆರೆದು, ಹೆಸರು ಬದಲಿಸಿ, ಸಾವಿರ ಪ್ರತಿ ಮುದ್ರಿಸಿಕೊಡುತ್ತಾರೆ. ಇಲ್ಲವಾದರೆ ಗುಂಪಿನ ಮಹಿಳೆಯರು ಅಕ್ಷರ ಬಲ್ಲ ಪಂಚಾಯತಿ ಸದಸ್ಯರ ಬಳಿ ಬಂದು, ನಾಲ್ಕು ಸಾಲು ಬರೆದುಕೊಡುವಂತೆ ಕೇಳುತ್ತಾರೆ. ಆ ನಾಲ್ಕು ಸಾಲು ಹೇಗಿರಬೇಕೆಂಬುದೇ ಈ ಪಾಠದ ವಿಷಯ. ಸರಕು ಮಾರಾಟವಾಗದಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲವಾದ್ದರಿಂದ, ಇದನ್ನು ಅಲಂಕಾರದ ಕೆಲಸವೆಂದು ತಿಳಿಯುವುದು ಸರಿಯಲ್ಲ.

ಎಲ್ಲಕ್ಕೂ ಹೊಂದುವ ಮಾತು ಯಾವುದಕ್ಕೂ ಒದಗುವುದಿಲ್ಲ

ಜೋಳದ ರೊಟ್ಟಿಯ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಕಾಣುವ ಬರಹ ಹೀಗಿರುತ್ತದೆ: “ಉತ್ಕೃಷ್ಟ ಗುಣಮಟ್ಟದ, ಶುಚಿ-ರುಚಿಯಾದ, ಆರೋಗ್ಯಕರ, ಮನೆಯಲ್ಲೇ ತಯಾರಿಸಿದ, ಉತ್ತರ ಕರ್ನಾಟಕದ ಸುಪ್ರಸಿದ್ಧ ಜೋಳದ ರೊಟ್ಟಿಗಳು. ಒಮ್ಮೆ ಸವಿದು ನೋಡಿ.”

ಈ ಬರಹದಲ್ಲಿ ವ್ಯಾಕರಣದೋಷವಿಲ್ಲ, ಸುಳ್ಳೂ ಇಲ್ಲದಿರಬಹುದು. ಆದರೂ ಇದು ಕೊಳ್ಳುವವರಿಗೆ ಏನನ್ನೂ ತಿಳಿಸುವುದಿಲ್ಲ. ಇದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವುಂಟು. ಬರಹದಲ್ಲಿ ‘ಜೋಳದ ರೊಟ್ಟಿ’ ಎಂಬ ಪದವನ್ನು ಅಳಿಸಿ ಆ ಜಾಗದಲ್ಲಿ ‘ಉಪ್ಪಿನಕಾಯಿ’ ಎಂದು ಬರೆದು ನೋಡಬೇಕು. ಬಳಿಕ ‘ಹಪ್ಪಳ’ ಎಂದು, ‘ಚಕ್ಕುಲಿ’ ಎಂದು ಬರೆದು ನೋಡಬೇಕು. ಪ್ರತಿ ಬಾರಿಯೂ ವಾಕ್ಯ ಸರಿಯಾಗಿಯೇ ಹೊಂದಿಕೊಂಡರೆ ಆ ಬರಹ ರೊಟ್ಟಿಯ ಕುರಿತದ್ದಲ್ಲ. ಸವಿದು ನೋಡುವ ಕೊನೆಯ ಸಾಲನ್ನು ತೆಗೆದರೆ ಅಗರಬತ್ತಿಗೂ ಇದು ಹೊಂದೀತು. ಪಕ್ಕದ ಮಳಿಗೆಯವರೂ ಇದೇ ಮಾತನ್ನು ಬರೆಸಿರುವುದರಿಂದ ಗ್ರಾಹಕರ ಕಣ್ಣು ಅದರ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಕೊನೆಗೆ ಅವರು ಬೆಲೆಯೊಂದನ್ನೇ ನೋಡಿ, ಕಡಿಮೆ ಇರುವುದನ್ನು ಕೊಳ್ಳುತ್ತಾರೆ. ಕೈಯಿಂದ ಮಾಡಿದ ಸರಕು ಬೆಲೆಯ ಪೈಪೋಟಿಯಲ್ಲಿ ಗೆಲ್ಲುವುದು ಅಪರೂಪ.

ಕೊಳ್ಳುವವರನ್ನು ಒಪ್ಪಿಸುವ ಶಕ್ತಿಯಿರುವುದು ಆ ಸರಕಿಗೆ ಮಾತ್ರ ಸಲ್ಲುವ ಸಂಗತಿಗಳಲ್ಲಿ. ಅವು ತಯಾರಿಸುವವರಿಗೆ ತಿಳಿದಿರುತ್ತವೆ, ಬರೆಯುವವರಿಗೆ ತಿಳಿದಿರುವುದಿಲ್ಲ. ತಯಾರಿಸುವವರಾದರೋ ದಿನನಿತ್ಯದ ಆ ಸಂಗತಿಗಳನ್ನು ಹೇಳಲು ಯೋಗ್ಯವಾದವೆಂದೇ ಎಣಿಸಿರುವುದಿಲ್ಲ. ಹೀಗಾಗಿ ಸದಸ್ಯರ ಕೆಲಸ ಬರೆಯುವುದಕ್ಕಿಂತ ಮೊದಲು ಕೇಳುವುದಾಗಿದೆ.

ಒಲೆಯ ಬಳಿ ಕೇಳಬೇಕಾದ ಪ್ರಶ್ನೆಗಳು

ಉದಾಹರಣೆಗಾಗಿ, ರೊಟ್ಟಿ ಮಾಡುವ ಒಂದು ಗುಂಪನ್ನು ಉತ್ತರ ಕರ್ನಾಟಕದ ಯಾವುದಾದರೂ ಗ್ರಾಮದಲ್ಲಿ ಕಲ್ಪಿಸಿಕೊಳ್ಳಬಹುದು. ವಾರ್ಡಿನ ಸದಸ್ಯೆ ಕೆಲಸದ ಹೊತ್ತಿನಲ್ಲಿಯೇ ಅಲ್ಲಿಗೆ ಹೋಗಿ, ಗುಂಪಿನ ಹಿರಿಯಳೊಡನೆ ಮಾತಿಗೆ ಕುಳಿತಿದ್ದಾರೆ.

“ಯಕ್ಕಾ, ಈ ರೊಟ್ಟಿಗೆ ಯಾವ ಜ್ವಾಳಾ ಹಾಕ್ತೀರಿ?”

“ಹಿಂಗಾರಿ ಬಿಳಿಜ್ವಾಳಾ ರೀ. ಮಾಲ್ದಂಡಿ. ನಮ್ಮ ಹೊಲದಾಗಿಂದು ಸ್ವಲ್ಪ, ಉಳಿದದ್ದು ಊರಾಗ ಕೊಳ್ತೀವಿ.”

“ಹಿಟ್ಟು?”

“ರೊಟ್ಟಿ ಮಾಡೂ ಹಿಂದಿನ ದಿನಾನ ಬೀಸಿಸ್ತೀವ್ರಿ. ಹಳೇ ಹಿಟ್ಟಿಗೆ ಜಿಗಿ ಇರಂಗಿಲ್ಲ, ಬಡಿಯಾಕ ಬರಂಗಿಲ್ಲ.”

“ಎಷ್ಟ ದಿನಾ ಇರ್ತಾವು?”

“ಡಬ್ಬಿಯೊಳಗ ಇಟ್ರ ತಿಂಗಳಾ ಏನೂ ಆಗಂಗಿಲ್ರಿ. ಮಳಿಗಾಲದಾಗ ಹೊರಗ ಇಟ್ರ ಮೆತ್ತಗಾಕ್ಕಾವು.”

“ಮೆತ್ತಗಾದ್ರ ಏನ್ ಮಾಡ್ಬೇಕು?”

“ಹಂಚಿನ ಮ್ಯಾಲ ಒಂದೀಟು ಬೆಚ್ಚಗ ಮಾಡಿದ್ರ ಮತ್ತ ಕಡಕ್ ಆಕ್ಕಾವ್ರಿ. ಅದರಾಗೇನೈತಿ ಬರಿಯೂದು?”

ಬರೆಯಬೇಕಾದದ್ದು ಅದೇ. ಮುಂದೆ ಉಪ್ಪು, ಬೆಲೆ, ರೊಟ್ಟಿ ಮಾಡುವ ವಾರ, ತಲುಪಿಸುವ ವಾರ ಇವನ್ನೂ ಕೇಳಿಕೊಂಡ ಬಳಿಕ ಸದಸ್ಯೆ ಸಿದ್ಧಪಡಿಸಬಹುದಾದ ಬರಹ ಹೀಗಿದ್ದೀತು:

“ಕಡಕ್ ಜೋಳದ ರೊಟ್ಟಿ. ಹಿಂಗಾರಿ ಮಾಲ್ದಂಡಿ ಬಿಳಿಜೋಳ, ನೀರು, ಉಪ್ಪು, ಬೇರೇನೂ ಇಲ್ಲ. ರೊಟ್ಟಿ ಬಡಿಯುವ ಹಿಂದಿನ ದಿನವಷ್ಟೇ ಬೀಸಿದ ಹಿಟ್ಟು. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಟ್ಟರೆ 30 ದಿನ ಗರಿಗರಿಯಾಗಿರುತ್ತದೆ. ಮೆತ್ತಗಾದರೆ ಹಂಚಿನ ಮೇಲೆ ತುಸು ಬಿಸಿ ಮಾಡಿ. 10 ರೊಟ್ಟಿಗೆ 80 ರೂಪಾಯಿ. ಮಂಗಳವಾರ ತಿಳಿಸಿದರೆ ಗುರುವಾರ ತಲುಪುತ್ತದೆ.”

ಇಲ್ಲಿ ‘ಉತ್ಕೃಷ್ಟ’ ಎಂಬ ಮಾತಿಲ್ಲ, ‘ಸುಪ್ರಸಿದ್ಧ’ ಎಂಬುದೂ ಇಲ್ಲ. ಹಿಂದಿನ ದಿನವಷ್ಟೇ ಬೀಸಿದ ಹಿಟ್ಟೆಂದು ಓದಿದವರು ಗುಣಮಟ್ಟವನ್ನು ತಾವೇ ಊಹಿಸಿಕೊಳ್ಳುತ್ತಾರೆ. ಹಾಗೆ ತಾವೇ ಮುಟ್ಟಿದ ತೀರ್ಮಾನವನ್ನು ಅವರು ನಂಬುತ್ತಾರೆ. ಮೆತ್ತಗಾಗಬಹುದೆಂದು ಒಪ್ಪಿಕೊಂಡಿರುವ ವಾಕ್ಯವನ್ನು ಕೆಲವರು ತೆಗೆದುಹಾಕಲು ಬಯಸಬಹುದು. ಅದನ್ನು ಉಳಿಸಿಕೊಳ್ಳುವುದೇ ಲೇಸು. ಆಷಾಢದಲ್ಲಿ ರೊಟ್ಟಿ ಮೆತ್ತಗಾದಾಗ, ಆ ವಾಕ್ಯ ಓದಿದ ಗ್ರಾಹಕರು ಹಂಚು ಇಡುತ್ತಾರೆ, ಓದದವರು ಸರಕು ಕೆಟ್ಟಿತೆಂದು ತಿಳಿದು ಮತ್ತೆ ಕೊಳ್ಳುವುದಿಲ್ಲ.

ಬರೆದ ಪ್ರತಿಯೊಂದು ಸಂಗತಿಯೂ ಗುಂಪು ಕೊಟ್ಟ ಮಾತಾಗುತ್ತದೆ ಎಂಬುದನ್ನು ಸದಸ್ಯರು ಗುಂಪಿಗೆ ಸ್ಪಷ್ಟಪಡಿಸಬೇಕು. ‘30 ದಿನ’ ಎಂಬುದು ಅಕ್ಕನ ಅನುಭವ. ಪೊಟ್ಟಣದ ಮೇಲೆ ಬರುವ ಮೊದಲು ಅದು ಪರೀಕ್ಷೆಯಾಗಬೇಕು. ಒಂದೇ ದಿನ ಮಾಡಿದ ರೊಟ್ಟಿಯ ಮೂರು ಕಟ್ಟುಗಳಿಗೆ ದಿನಾಂಕ ಬರೆದು ಮೂರು ಮನೆಗಳಲ್ಲಿ ಇರಿಸಿ, ವಾರಕ್ಕೊಮ್ಮೆ ತೆರೆದು ತಿಂದು ನೋಡಿದರೆ ಗರಿಗರಿತನ ಎಷ್ಟು ದಿನವೆಂಬುದು ತಿಳಿಯುತ್ತದೆ. ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ನೋಡುವುದು ಅವಶ್ಯ. ಎರಡರಲ್ಲಿ ಕಡಿಮೆ ಬಂದ ಸಂಖ್ಯೆಯನ್ನೇ ಬರೆಯಬೇಕು. ಲೇಬಲ್ಲಿನ ಮೇಲೆ ಕಡ್ಡಾಯವಾಗಿ ಹಾಕುವ ಬಳಕೆಯ ಅವಧಿಗೂ ಪ್ರಚಾರದಲ್ಲಿ ಹೇಳುವ ಅವಧಿಗೂ ವ್ಯತ್ಯಾಸವಿರಕೂಡದು.

ಇನ್ನೊಂದು ತೊಡಕು ಗುಂಪು ಬೆಳೆದಾಗ ಬರುತ್ತದೆ. ‘ಕೈಯಿಂದ ಬಡಿದ ರೊಟ್ಟಿ’ ಎಂದು ಮುದ್ರಿಸಿದ ಪೊಟ್ಟಣಗಳು ಸಾವಿರಗಟ್ಟಲೆ ಉಳಿದಿರುವಾಗಲೇ ಸಾಲ ಮಂಜೂರಾಗಿ ರೊಟ್ಟಿ ಯಂತ್ರ ಬಂದಿರುತ್ತದೆ. ಅಂದಿನಿಂದ ಆ ಮಾತು ಸುಳ್ಳು. ಪೊಟ್ಟಣ ಮುಗಿಯುವವರೆಗೆ ಇರಲೆಂಬ ಸಲಹೆ ಸಭೆಯಲ್ಲಿ ಬಂದೇ ಬರುತ್ತದೆ. ಸದಸ್ಯರು ಅದಕ್ಕೆ ಒಪ್ಪಬಾರದು. ಯಂತ್ರದ ರೊಟ್ಟಿಗೂ ತನ್ನದೇ ಆದ ಹೇಳಿಕೊಳ್ಳುವ ಗುಣಗಳಿವೆ: ಎಲ್ಲವೂ ಒಂದೇ ಗಾತ್ರ, ಒಂದೇ ದಪ್ಪ, ಡಬ್ಬಿಯಲ್ಲಿ ಸರಿಯಾಗಿ ಕೂಡುತ್ತವೆ, ಮದುವೆ ಮನೆಗೆ ಐನೂರು ಬೇಕೆಂದರೂ ಹೇಳಿದ ದಿನಕ್ಕೆ ಸಿಗುತ್ತವೆ. ನಿಜವಾದ ಗುಣವನ್ನು ಹುಡುಕಿ ಬರೆಯುವುದು ಹಳೆಯ ಗುಣವನ್ನು ನಟಿಸುವುದಕ್ಕಿಂತ ಕಷ್ಟವೇನಲ್ಲ.

ಓದುವವರು ಯಾರು

ಒಂದೇ ಬರಹವನ್ನು ಎಲ್ಲೆಡೆ ಬಳಸುವುದು ಸಾಮಾನ್ಯ ತಪ್ಪು. ಮನೆಗೆ ಕೊಳ್ಳುವವರಿಗೆ ಮೇಲಿನ ಬರಹ ಸಾಕು. ಅದೇ ರೊಟ್ಟಿಯನ್ನು ಕಿರಾಣಿ ಅಂಗಡಿಯವರಿಗೆ ಒಪ್ಪಿಸಬೇಕಾದಾಗ, ಮಾಲ್ದಂಡಿ ಜೋಳದ ಹಿರಿಮೆ ಅವರಿಗೆ ಬೇಕಿಲ್ಲ. ಒಂದು ಕಟ್ಟಿಗೆ ಅವರಿಗೆ ಉಳಿಯುವುದೆಷ್ಟು, ಮುರಿದ ರೊಟ್ಟಿಯನ್ನು ಗುಂಪು ಮರಳಿ ಪಡೆಯುತ್ತದೆಯೇ, ಸರಕು ಬರುವುದು ಯಾವ ವಾರ, ಹಣ ಕೊಡುವುದು ಯಾವಾಗ, ಈ ನಾಲ್ಕಕ್ಕೆ ಉತ್ತರವಿದ್ದರೆ ಅವರು ಹತ್ತು ಕಟ್ಟು ಇಟ್ಟುಕೊಂಡು ನೋಡುತ್ತಾರೆ. ಆದುದರಿಂದ ಅಂಗಡಿಗೆ ಒಯ್ಯುವ ಚೀಟಿಯಲ್ಲಿ ಅವನ್ನಷ್ಟೇ ಬರೆಯಬೇಕು. ಖಾನಾವಳಿಗೆ ಬೇರೆಯ ಮಾತು: ದಿನಕ್ಕೆ ಎಷ್ಟು ರೊಟ್ಟಿ ತಪ್ಪದೆ ಕೊಡಬಹುದು ಎಂಬುದೇ ಅಲ್ಲಿ ಮೊದಲ ಸಾಲು. ಗುಂಪಿನಿಂದ ಇನ್ನೂರು ಮಾತ್ರ ಸಾಧ್ಯವಿದ್ದರೆ ಇನ್ನೂರೆಂದೇ ಬರೆಯಬೇಕು. ಐನೂರೆಂದು ಬರೆದು ಎರಡನೆಯ ವಾರದಲ್ಲಿ ತಪ್ಪಿದರೆ ಆ ಬಾಗಿಲು ಮುಚ್ಚಿದಂತೆಯೇ.

ಮೇಳದ ಮಳಿಗೆಯ ಫಲಕವನ್ನು ಜನರು ನಡೆಯುತ್ತಲೇ ಓದುತ್ತಾರೆ. ಅಲ್ಲಿ ಆರೇಳು ಪದಗಳಿಗಿಂತ ಹೆಚ್ಚು ಬೇಡ. ಒಕ್ಕೂಟದ ಪೂರ್ಣ ಹೆಸರು, ಯೋಜನೆಯ ಹೆಸರು, ಗ್ರಾಮ, ತಾಲ್ಲೂಕು, ಜಿಲ್ಲೆ ಇವೆಲ್ಲ ದೊಡ್ಡ ಅಕ್ಷರದಲ್ಲಿದ್ದು ‘ರೊಟ್ಟಿ’ ಎಂಬ ಪದವೇ ಮೂಲೆಯಲ್ಲಿ ಅಡಗಿರುವ ಫಲಕಗಳು ಇಂದಿಗೂ ಕಡಿಮೆಯಿಲ್ಲ. ಸರಕಿನ ಹೆಸರು ಮೊದಲು, ಬೆಲೆ ಬಳಿಕ, ಗುಂಪಿನ ಹೆಸರು ಕೊನೆಗೆ. ವಾಟ್ಸ್ಆ್ಯಪ್ ಸಂದೇಶದಲ್ಲಿಯೂ ಬೆಲೆಯನ್ನು ಮರೆಮಾಡುವ ಅಭ್ಯಾಸ ಬಿಡಬೇಕು. ‘ವಿವರಗಳಿಗೆ ಕರೆ ಮಾಡಿ’ ಎಂದು ಓದಿದವರಲ್ಲಿ ಹೆಚ್ಚಿನವರು ಕರೆ ಮಾಡುವುದಿಲ್ಲ. ಕರೆ ಮಾಡಿದವರಿಗೆ ಉತ್ತರಿಸುವವರು ಯಾರೆಂಬುದನ್ನೂ ನೋಡಬೇಕು. ಕೊಟ್ಟಿರುವ ಸಂಖ್ಯೆ ಗುಂಪಿನ ಅಧ್ಯಕ್ಷೆಯ ಮಗನದಾಗಿದ್ದು, ಆತ ಹಗಲಿಡೀ ಕಾಲೇಜಿನಲ್ಲಿದ್ದರೆ, ಪ್ರಚಾರ ಎಷ್ಟೇ ಚೆನ್ನಾಗಿದ್ದರೂ ವ್ಯರ್ಥ.

ಬರೆಯಬಾರದ ಮಾತುಗಳು

ಹೆಚ್ಚು ಎಚ್ಚರ ಬೇಕಾದುದು ಇಲ್ಲಿ. 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆ, ರಾಗಿಯ ಉತ್ಪನ್ನಗಳಿಗೆ ಒಳ್ಳೆಯ ಹೆಸರು ಬಂದಿತು. ಅದರ ಜೊತೆಗೇ ‘ಮಧುಮೇಹ ನಿವಾರಕ’, ‘ರಕ್ತದೊತ್ತಡಕ್ಕೆ ರಾಮಬಾಣ’, ‘ಕ್ಯಾನ್ಸರ್ ತಡೆಯುತ್ತದೆ’ ಎಂಬ ಬರಹಗಳೂ ಪೊಟ್ಟಣಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಬರೆಸಿದವರಿಗೆ ಕೆಟ್ಟ ಉದ್ದೇಶವಿರುವುದಿಲ್ಲ. ಎಲ್ಲೋ ಕೇಳಿದ್ದನ್ನು ಬರೆಸಿರುತ್ತಾರೆ. ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 24ನೇ ಪ್ರಕರಣವು ದಾರಿತಪ್ಪಿಸುವ ಜಾಹೀರಾತನ್ನು ನಿಷೇಧಿಸಿದೆ. 53ನೇ ಪ್ರಕರಣದ ಪ್ರಕಾರ ಅದಕ್ಕೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಮಧುಮೇಹ, ಕ್ಯಾನ್ಸರ್, ರಕ್ತದೊತ್ತಡ ಮೊದಲಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧದ ಹೆಸರಿನಲ್ಲಿ ಪ್ರಚಾರ ಮಾಡುವುದನ್ನು 1954ರಷ್ಟು ಹಿಂದೆಯೇ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆಯು ತಡೆದಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಕೂಡ ಸುಳ್ಳು ಜಾಹೀರಾತಿನ ವಿರುದ್ಧ ಕ್ರಮಕ್ಕೆ ಅವಕಾಶ ನೀಡುತ್ತದೆ. ಹತ್ತು ಮಹಿಳೆಯರ ಉಳಿತಾಯದ ಮೇಲೆ ನಿಂತ ಗುಂಪು ಇಂತಹ ಒಂದು ನೋಟಿಸನ್ನು ತಡೆದುಕೊಳ್ಳಲಾರದು.

ದಂಡಕ್ಕಿಂತಲೂ ಗಂಭೀರವಾದುದು ಮತ್ತೊಂದಿದೆ. ‘ಮಧುಮೇಹ ನಿವಾರಕ’ ಎಂಬುದನ್ನು ನಂಬಿದ ವೃದ್ಧರೊಬ್ಬರು ಮಾತ್ರೆ ನಿಲ್ಲಿಸಿದರೆ ಆಗುವ ಹಾನಿಗೆ ಪರಿಹಾರವಿಲ್ಲ. ರೋಗದ ಹೆಸರೇ ಬೇಡ ಎಂಬುದನ್ನು ನಿಯಮವಾಗಿ ಇಟ್ಟುಕೊಂಡರೆ ಗೊಂದಲವಿರುವುದಿಲ್ಲ. ಅದರ ಬದಲು ಇರುವುದನ್ನು ಇರುವಂತೆ ಬರೆಯಬಹುದು: ‘ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸಿದ ರಾಗಿ’. ಬೆಲ್ಲ ಹಾಕಿದ ಉಂಡೆಗೆ ‘ಸಕ್ಕರೆ ಇಲ್ಲ’ ಎಂದು ಬರೆಯುವುದು ಅಕ್ಷರಶಃ ನಿಜವೆನಿಸಿದರೂ ಓದುವವರನ್ನು ದಾರಿ ತಪ್ಪಿಸುತ್ತದೆ. ‘ಬೆಲ್ಲದಲ್ಲಿ ಕಟ್ಟಿದ ಉಂಡೆ’ ಎಂದರೆ ಅದೇ ಒಳ್ಳೆಯ ಪ್ರಚಾರ.

‘ಸಾವಯವ’ ಎಂಬ ಪದವನ್ನೂ ಸಲೀಸಾಗಿ ಬಳಸುವಂತಿಲ್ಲ. ಪೊಟ್ಟಣ ಮಾಡಿ ಅಂಗಡಿಗೆ ಕೊಡುವ ಸರಕಿಗೆ ಆ ಹೆಸರು ಬೇಕಾದರೆ ಮಾನ್ಯತೆ ಪಡೆದ ಪ್ರಮಾಣೀಕರಣ ಇರಬೇಕು. ಪ್ರಮಾಣಪತ್ರವಿಲ್ಲದ ಗುಂಪು, ಬೆಳೆದವರ ಬಗೆಗೆ ತನಗೆ ಖಚಿತವಾಗಿ ಗೊತ್ತಿರುವುದನ್ನು ಬಾಯಿಮಾತಿನಲ್ಲಿ ಗ್ರಾಹಕರಿಗೆ ತಿಳಿಸಿದರೆ ಸಾಕು.

ಊರಿನ ಹೆಸರಿನ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಊರಿನ ಹೆಸರಿಗೆ ಮಾರುವ ಶಕ್ತಿ ಇದೆ ಎಂಬುದು ನಾಡಿಗೆ ಹೊಸತಲ್ಲ. ಮೈಸೂರು ಸ್ಯಾಂಡಲ್ ಸಾಬೂನಿನ ಹೆಸರಿನಲ್ಲಿಯೇ ಊರೂ ಇದೆ, ಒಳಗಿನ ವಸ್ತುವೂ ಇದೆ, ಆ ಹೆಸರು ಶತಮಾನ ಕಾಲ ಬಾಳಿದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಗಾಢ ಕೆಂಪು ಬಣ್ಣ, ಕಡಿಮೆ ಖಾರ ಅದರ ಗುರುತು. ಬೇರೆಡೆಯ ಮೆಣಸಿನಕಾಯಿಯನ್ನು ಬೆರೆಸಿ ‘ಅಪ್ಪಟ ಬ್ಯಾಡಗಿ ಖಾರದಪುಡಿ’ ಎಂದು ಬರೆದರೆ ಕಾನೂನಿನ ತೊಡಕಷ್ಟೇ ಅಲ್ಲ, ಬ್ಯಾಡಗಿಯ ರುಚಿ ಬಲ್ಲ ಗೃಹಿಣಿ ಮೊದಲ ಸಾರಿನಲ್ಲಿಯೇ ಅದನ್ನು ಕಂಡುಹಿಡಿಯುತ್ತಾಳೆ. ಬೆರೆಸುವುದೇ ಗುಂಪಿನ ಪದ್ಧತಿಯಾಗಿದ್ದರೆ ಅದನ್ನೇ ಹೇಳಿಕೊಳ್ಳಬಹುದು: ‘ಬಣ್ಣಕ್ಕೆ ಎರಡು ಪಾಲು ಬ್ಯಾಡಗಿ, ಖಾರಕ್ಕೆ ಒಂದು ಪಾಲು ಗುಂಟೂರು’. ಇದನ್ನು ಓದಿದವರಿಗೆ ಸಾರಿಗೆ ಎಷ್ಟು ಚಮಚ ಹಾಕಬೇಕೆಂಬ ಅಂದಾಜೂ ಸಿಗುತ್ತದೆ.

ಕೆಲವು ಗುಂಪುಗಳು ‘ಸರ್ಕಾರದಿಂದ ಅನುಮೋದಿತ’ ಎಂದು ಬರೆಸುತ್ತವೆ. ಎಫ್.ಎಸ್.ಎಸ್.ಎ.ಐ. ನೀಡುವ 14 ಅಂಕಿಗಳ ಸಂಖ್ಯೆಯು ನೋಂದಣಿಯ ಅಥವಾ ಪರವಾನಗಿಯ ಸಂಖ್ಯೆಯೇ ಹೊರತು ರುಚಿಗೆ, ಗುಣಮಟ್ಟಕ್ಕೆ ಕೊಟ್ಟ ಪ್ರಶಸ್ತಿಯಲ್ಲ. ಅದನ್ನು ಹಾಕಲೇಬೇಕು, ಅದರ ಹೆಸರಿನಲ್ಲಿ ಹೊಗಳಿಕೊಳ್ಳಬಾರದು. ರಾಷ್ಟ್ರ ಲಾಂಛನವನ್ನು ವಾಣಿಜ್ಯಕ್ಕೆ ಬಳಸುವುದಕ್ಕೆ 2005ರ ಕಾಯ್ದೆಯ ನಿರ್ಬಂಧವಿದೆ. ಇನ್ನು ಚುನಾಯಿತ ಪ್ರತಿನಿಧಿಗಳ ಭಾವಚಿತ್ರ: ಗುಂಪಿನವರು ಗೌರವದಿಂದ ಕೇಳಿದರೂ ಸದಸ್ಯರು ಬೇಡವೆನ್ನುವುದು ಉಚಿತ. ರೊಟ್ಟಿ ಕೊಳ್ಳುವವರು ಸದಸ್ಯರ ಮುಖ ನೋಡಿ ಕೊಳ್ಳುವುದಿಲ್ಲ. ಅವಧಿ ಮುಗಿದ ಮೇಲೆ ಆ ಪೊಟ್ಟಣಗಳನ್ನು ಯಾರೂ ಬಳಸುವಂತೆಯೂ ಇರುವುದಿಲ್ಲ.

‘ಬಡ ಮಹಿಳೆಯರಿಗೆ ಸಹಾಯ ಮಾಡಿ’ ಎಂಬ ಬಿನ್ನಹ ಕಾನೂನಿಗೆ ವಿರುದ್ಧವಲ್ಲವಾದರೂ ಪ್ರಯೋಜನಕಾರಿಯಲ್ಲ. ಕನಿಕರದಿಂದ ಕೊಂಡವರು ಒಮ್ಮೆ ಕೊಳ್ಳುತ್ತಾರೆ. ಹಬ್ಬಕ್ಕೊಮ್ಮೆ ದಾನ ಕೊಟ್ಟಂತೆ ಅದು ಅಲ್ಲಿಗೇ ಮುಗಿಯುತ್ತದೆ. ತಯಾರಿಸಿದವರ ಪರಿಚಯ ಬೇಕೆನಿಸಿದರೆ ಅವರ ಕೌಶಲದ ಮೂಲಕವೇ ಮಾಡಿಸಬಹುದು. ಇಪ್ಪತ್ತು ವರ್ಷಗಳಿಂದ ರೊಟ್ಟಿ ಬಡಿಯುತ್ತಿರುವ ಕೈ ಎಂದು ಬರೆದರೆ, ಅದು ನಿಜವಾಗಿದ್ದರೆ, ಕೊಳ್ಳುವುದಕ್ಕೆ ಅದೊಂದು ಕಾರಣವಾಗುತ್ತದೆ.

ಮುದ್ರಣಕ್ಕೆ ಕೊಡುವ ಮುನ್ನ

ಬರಹ ಸಿದ್ಧವಾದ ಕೂಡಲೇ ಅದನ್ನು ಗುಂಪಿನ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಓದಲು ಬಾರದ ಸದಸ್ಯೆಯರಿಗೂ ಪ್ರತಿಯೊಂದು ಮಾತು ತಿಳಿಯಬೇಕು, ಏಕೆಂದರೆ ಸಂತೆಯಲ್ಲಿ ಗ್ರಾಹಕರಿಗೆ ಉತ್ತರ ಕೊಡುವವರು ಅವರೇ. ಓದುವಾಗ ಯಾರಾದರೂ ನಕ್ಕರೆ ಅಥವಾ ‘ಹಂಗೇನ್ ಇಲ್ಲ ಬಿಡ್ರಿ’ ಎಂದರೆ ಆ ವಾಕ್ಯವನ್ನು ತೆಗೆಯಬೇಕು. ಆ ಬಳಿಕ ಸರಕನ್ನು ಎಂದೂ ನೋಡದ, ಬೇರೆ ಊರಿನ ಒಬ್ಬರಿಗೆ ಬರಹವನ್ನು ಕಳುಹಿಸಿ, ಓದಿದ ಮೇಲೆ ಅವರಿಗೆ ಯಾವ ಪ್ರಶ್ನೆ ಉಳಿಯಿತೆಂದು ಕೇಳಬೇಕು. ಉಳಿದ ಪ್ರಶ್ನೆಗೆ ಉತ್ತರವೇ ಸೇರಿಸಬೇಕಾದ ಸಾಲು.

ಉತ್ಪನ್ನದ ಹೆಸರು, ಬಳಸಿದ ಪದಾರ್ಥಗಳು, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ತಯಾರಿಸಿದ ದಿನಾಂಕ, ಬಳಕೆಯ ಅವಧಿ, ತಯಾರಕರ ಹೆಸರು ಮತ್ತು ವಿಳಾಸ, ಸಸ್ಯಾಹಾರದ ಹಸಿರು ಚಿಹ್ನೆ, ಎಫ್.ಎಸ್.ಎಸ್.ಎ.ಐ. ಸಂಖ್ಯೆ ಇವು ಲೇಬಲ್ಲಿನಲ್ಲಿ ಇರಬೇಕಾದ ಮುಖ್ಯ ವಿವರಗಳು. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯತಕ್ಕದ್ದು: ಶೇಂಗಾ ಚಟ್ನಿಪುಡಿಯಲ್ಲಿ ಮೊದಲು ಶೇಂಗಾ, ಉಪ್ಪು ಕೊನೆಯ ಹತ್ತಿರ. ಮುದ್ರಿಸುವ ಮೊದಲು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ಕರಡನ್ನು ತೋರಿಸಿದರೆ ಮುಂದಿನ ವೆಚ್ಚ ಉಳಿಯುತ್ತದೆ.

ಮೊದಲ ಬಾರಿಗೇ ಐದು ಸಾವಿರ ಬಣ್ಣದ ಪೊಟ್ಟಣಗಳನ್ನು ಮುದ್ರಿಸುವ ಅವಸರ ಬೇಡ. ಸಾದಾ ಪೊಟ್ಟಣದ ಮೇಲೆ ಅಂಟಿಸುವ ಇನ್ನೂರು ಚೀಟಿಗಳಿಂದ ಆರಂಭಿಸಿ, ಮೂರು ತಿಂಗಳ ಕಾಲ ಸಂತೆಯಲ್ಲಿ ಮತ್ತು ದೂರವಾಣಿಯಲ್ಲಿ ಗ್ರಾಹಕರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರು ಒಂದು ವಹಿಯಲ್ಲಿ ಬರೆದಿಡಬೇಕು. ಪೊಟ್ಟಣದ ಶಾಶ್ವತ ಬರಹವನ್ನು ಆ ವಹಿಯನ್ನು ಮುಂದಿಟ್ಟುಕೊಂಡು ಸಿದ್ಧಪಡಿಸತಕ್ಕದ್ದು.